ಬೀದರಿನ ಕುರುಚಲು ಕಾಡಿಗೆ ಡಬ್ಬಿ ಬೇಡ

ಬೀದರ್ ನಗರ, ಭಾಲ್ಕಿ ಮತ್ತು ಔರಾದಿನ ಕೆಲವು ಕಾಲೇಜು ವಿದ್ಯಾರ್ಥಿಗಳು ನಮ್ಮ ಬಳಗಕ್ಕೊಂದು ಪತ್ರ ಬರೆದಿದ್ದಾರೆ. ನಮ್ಮ ಪತ್ರಿಕೆಯ ಓದುಗರು ಘಟ್ಟದ ಮೇಲಿನವರೇ ಹೆಚ್ಚು. ನಾಡಿನ ನೆತ್ತಿಯಲ್ಲಿರುವ ಆ ಬಯಲಿನಿಂದ ಪತ್ರ ಬಂದದ್ದು ಸಂತೋಷದ ಸಂಗತಿಯೇ. ಅವರ ಯೋಜನೆ ಇಷ್ಟು: ಪ್ರತಿ ರವಿವಾರ ಬೆಳಗಿನ ಜಾವ ಊರ ಹತ್ತಿರದ ಕಾಡಿನಲ್ಲಿ ನಡಿಗೆ. ಆ ನಡಿಗೆಗೆ ಕಿರಿಯರನ್ನು ಸೆಳೆಯಲು ಜಿಯೋಕ್ಯಾಶಿಂಗ್ ಎಂಬ ಆಟ. ಮೂರೂ ಕಡೆಯ ಕಾಡುಗಳಲ್ಲಿ ಒಟ್ಟು ಹನ್ನೆರಡು ಡಬ್ಬಿಗಳನ್ನು ಬಚ್ಚಿಡುವುದು, ಅವುಗಳ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುವುದು, ಬಂದವರು ಮೊಬೈಲ್ ಹಿಡಿದು ಹುಡುಕುವುದು. ಡಬ್ಬಿಗಳ ಮೇಲೆ ನಮ್ಮ ಬಳಗದ ಹೆಸರೂ ಇರಲಿ ಎಂಬುದು ಅವರ ಕೋರಿಕೆ.

ಕಳೆದ ಮಾಸಿಕ ಸಭೆಯಲ್ಲಿ ಈ ಪತ್ರವನ್ನು ಓದಲಾಯಿತು. ‘ಹುಡುಗರು ಕಾಡಿಗೆ ಬರುವುದೇ ದೊಡ್ಡದು, ಒಪ್ಪಿಬಿಡೋಣ’ ಎಂದವರೇ ಬಹುಪಾಲು. ವಿರೋಧಿಸಿದವನು ನಾನೊಬ್ಬನೇ. ನನ್ನ ಮಾತು ಪೂರ್ತಿಯಾಗುವ ಮೊದಲೇ ಚಹಾ ಬಂತು, ಕೆಲವರಿಗೆ ಬಸ್ಸಿನ ಹೊತ್ತಾಯಿತು. ತೀರ್ಮಾನವನ್ನು ಮುಂದಿನ ಸಭೆಗೆ ಬಿಡಲಾಗಿದೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಡಬ್ಬಿಗಳ ಮೇಲೆ ನಮ್ಮ ಹೆಸರು ಇರಕೂಡದು. ಅಷ್ಟೇ ಅಲ್ಲ, ಆ ಡಬ್ಬಿಗಳೇ ಕಾಡಿನಲ್ಲಿ ಇರಕೂಡದು ಎಂಬುದು ನನ್ನ ವಾದ.

ಆಟದ ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು. ಉಪಗ್ರಹಗಳ ಸಂಕೇತದಿಂದ ನಾವು ನಿಂತ ಜಾಗವನ್ನು ತಿಳಿಸುವ ಜಿ.ಪಿ.ಎಸ್. ವ್ಯವಸ್ಥೆ ಅಮೆರಿಕದ ಸೇನೆಯದು. ಜನಸಾಮಾನ್ಯರಿಗೆ ದೊರೆಯುವ ಸಂಕೇತವನ್ನು ಅದು ಬಹುಕಾಲ ಬೇಕೆಂದೇ ಕೆಡಿಸಿ ಕೊಡುತ್ತಿತ್ತು. ತೋರಿಸಿದ ಜಾಗಕ್ಕೂ ನಿಜವಾದ ಜಾಗಕ್ಕೂ ನೂರು ಮೀಟರಿನಷ್ಟು ಅಂತರ ಬರುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಆ ತೊಡಕನ್ನು ತೆಗೆದುಹಾಕಿದರು. ಮೇ 3ರಂದೇ ಡೇವ್ ಉಲ್ಮರ್ ಎಂಬಾತ ಆರೆಗಾನ್ ರಾಜ್ಯದ ಮರಗಳ ನಡುವೆ ಒಂದು ಬಕೆಟ್ ಇಟ್ಟು, ಅದರೊಳಗೆ ಪುಸ್ತಕ, ಕವಣೆ, ಬೀನ್ಸಿನ ಡಬ್ಬಿ ಮುಂತಾದವನ್ನು ತುಂಬಿ, ಜಾಗದ ಅಂಕಿಗಳನ್ನು ಅಂತರ್ಜಾಲದಲ್ಲಿ ಹಾಕಿದ. ಸಿಕ್ಕವರು ಒಂದು ವಸ್ತುವನ್ನು ತೆಗೆದುಕೊಂಡು ಇನ್ನೊಂದನ್ನು ಇಡಬೇಕು, ಒಳಗಿನ ಪುಸ್ತಕದಲ್ಲಿ ಹೆಸರು ಬರೆಯಬೇಕು. ಆ ಒಂದು ಬಕೆಟ್ಟು ಇಂದು ಜಗತ್ತಿನಾದ್ಯಂತ ಮೂವತ್ತು ಲಕ್ಷಕ್ಕೂ ಮೀರಿದೆ. ‘ಕ್ಯಾಶ್’ ಎಂದರೆ ಇಲ್ಲಿ ರೊಕ್ಕವಲ್ಲ, ಬಚ್ಚಿಟ್ಟ ದಾಸ್ತಾನು. ಈ ಪದದ ಗೊಂದಲ ಬೀದರಿನಲ್ಲಿ ನನಗೆ ಬೇಗನೇ ಎದುರಾಯಿತು.

ಪತ್ರ ಬಂದ ವಾರವೇ ನೆಂಟರ ಮದುವೆಗೆಂದು ನಾನು ಆ ಕಡೆ ಹೋಗುವುದಿತ್ತು. ಆ ವಿದ್ಯಾರ್ಥಿಗಳಲ್ಲಿ ಐವರು ಚಳಿಗಾಲದ ಒಂದು ಬೆಳಿಗ್ಗೆ ನನ್ನನ್ನು ಹೊನ್ನಿಕೇರಿ ಅರಣ್ಯದ ಅಂಚಿಗೆ ಕರೆದೊಯ್ದರು. ಅಲ್ಲೊಂದು ಡಬ್ಬಿಯನ್ನು ಪರೀಕ್ಷೆಗೆಂದು ಆಗಲೇ ಇಟ್ಟಿದ್ದರು. ನಮ್ಮ ಕಡೆಯವರು ಆ ಕಾಡನ್ನು ಮೊದಲ ಸಲ ನೋಡಿದರೆ ‘ಇದೂ ಕಾಡೇ?’ ಎಂದಾರು. ಕೆಂಪು ಕಲ್ಲುನೆಲ, ಎದೆಯೆತ್ತರದ ಸೀತಾಫಲದ ಪೊದೆ, ಅಲ್ಲಲ್ಲಿ ಬೇವು, ಮುತ್ತುಗ, ತಂಗಡಿ, ನಡುನಡುವೆ ಒಣಗಿದ ಹುಲ್ಲು. ಆದರೆ ಸೂರ್ಯ ಮೇಲೇರುವ ಮೊದಲೇ ನವಿಲು ಕೂಗಿತು, ಗೌಜಿನ ಹಿಂಡೊಂದು ಕಾಲಬುಡದಿಂದಲೇ ಹಾರಿತು. ಒಬ್ಬ ಹುಡುಗಿ ಮೊಬೈಲ್ ನೋಡುತ್ತ ‘ಇನ್ನು ಹದಿನಾಲ್ಕು ಮೀಟರ್, ಸರ್’ ಎಂದಳು. ಒಪ್ಪಿಕೊಳ್ಳುತ್ತೇನೆ, ನನ್ನ ಅರುವತ್ತು ದಾಟಿದ ಎದೆಯೂ ಆಗ ಹಾರಿತು. ಹುಡುಕುವುದರ ಸುಖ ಸುಳ್ಳಲ್ಲ. ಪೊದೆಯ ಬುಡದಲ್ಲಿ ಕಲ್ಲುಗಳ ಮರೆಯಲ್ಲಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಕಂಡವನು ನಾನೇ.

ಡಬ್ಬಿ ತೆರೆಯುತ್ತಿರುವಾಗ ಆಡು ಮೇಯಿಸುವ ಹಿರಿಯರೊಬ್ಬರು ಬಂದು ದೂರದಲ್ಲೇ ನಿಂತರು. ‘ಯಾನ್ ಹುಡುಕ್ಲತ್ತೀರಿ ಸಾಹೇಬ್ರ? ಧನಾ ಸಿಕ್ತೇನ್?’ ಎಂದರು. ಹುಡುಗನೊಬ್ಬ ನಗುತ್ತ ‘ಧನಾ ಅಲ್ಲ ಕಾಕಾ, ಕ್ಯಾಶ್’ ಎಂದ. ‘ಕ್ಯಾಶ್ ಅಂದ್ರ ರೊಕ್ಕ ಅಲ್ಲೇನಪಾ?’ ಎಂದು ಅವರು ಕೇಳಿದರು. ಹುಡುಗರು ನಕ್ಕರು, ಅವರು ನಗಲಿಲ್ಲ. ನಾವು ಹಿಂದಿರುಗುವಾಗಲೂ ಅವರು ಆ ಪೊದೆಯ ಕಡೆ ನೋಡುತ್ತಲೇ ಇದ್ದರು.

ಆ ನೋಟದಲ್ಲಿ ನನ್ನ ಮೊದಲನೆಯ ಆಕ್ಷೇಪ ಅಡಗಿದೆ. ಕಾಡಿನಲ್ಲಿ, ಪಾಳು ಗುಡಿಯಲ್ಲಿ, ಕೋಟೆಯ ಬುಡದಲ್ಲಿ ಬಚ್ಚಿಟ್ಟದ್ದನ್ನು ಹುಡುಕುವುದು ಆರೆಗಾನಿನಲ್ಲಿ ರವಿವಾರದ ವಿನೋದವಾಗಿರಬಹುದು. ನಮ್ಮ ನಾಡಿನಲ್ಲಿ ಅದಕ್ಕೆ ಬೇರೊಂದು ಹೆಸರಿದೆ, ನಿಧಿಗಳ್ಳತನ. ಅಮಾವಾಸ್ಯೆಯ ರಾತ್ರಿ ಲಿಂಗವನ್ನು ಕಿತ್ತು, ನಂದಿಯ ಹೊಟ್ಟೆಯನ್ನು ಸೀಳಿ, ವೀರಗಲ್ಲನ್ನು ಉರುಳಿಸಿ ಅಗೆಯುವವರ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೀರಿ. ಮಲೆನಾಡಿನ ಕಾಡೊಳಗಿನ ಹಳೆಯ ಗುಡಿಗಳ ಪಾಡು ನಿಮಗೆ ಗೊತ್ತು. ಬೀದರಂತೂ ಬಹಮನಿ ಸುಲ್ತಾನರ, ಬರೀದಶಾಹಿಗಳ ರಾಜಧಾನಿ; ಅಷ್ಟೂರಿನ ಗುಮ್ಮಟಗಳಿಂದ ಹಿಡಿದು ಹೊಲದ ನಡುವಿನ ಹೆಸರಿಲ್ಲದ ಗೋರಿಗಳವರೆಗೆ ಎಲ್ಲೆಲ್ಲೂ ಹಳೆಯ ಕಲ್ಲು. ಅಂಥ ನೆಲದಲ್ಲಿ ‘ಇಂಥ ಪೊದೆಯ ಬುಡದಲ್ಲಿ ಏನೋ ಬಚ್ಚಿಟ್ಟಿದ್ದಾರೆ, ಪೇಟೆಯ ಹುಡುಗರು ಬಂದು ಹುಡುಕುತ್ತಾರೆ’ ಎಂಬ ಮಾತು ಹಬ್ಬಿದರೆ ಮರುರಾತ್ರಿ ಗುದ್ದಲಿ ಹಿಡಿದು ಬರುವವರು ಯಾರು? ಜಿಯೋಕ್ಯಾಶಿಂಗಿನ ನಿಯಮದಲ್ಲಿ ನೆಲ ಅಗೆದು ಡಬ್ಬಿ ಹೂಳಕೂಡದು ಎಂದಿದೆಯೆಂದು ವಿದ್ಯಾರ್ಥಿಗಳು ವಾದಿಸಿದರು. ನಿಜ, ಹಾಗೆಯೇ ಇದೆ. ಆದರೆ ಗುದ್ದಲಿಯವನು ಆ ನಿಯಮವನ್ನು ಓದಿರುವುದಿಲ್ಲ.

ಅದೇ ನಿಯಮಾವಳಿಯಲ್ಲಿ ಇನ್ನೊಂದು ಮಾತೂ ಇದೆ: ನೆಲದ ಒಡೆಯರ ಅನುಮತಿ ಪಡೆದೇ ಡಬ್ಬಿ ಇಡಬೇಕು. ‘ಅನುಮತಿ ಕೇಳಿದಿರಾ?’ ಎಂದೆ. ‘ಯಾರನ್ನು ಕೇಳಬೇಕು ಸರ್?’ ಎಂದರು. ಪ್ರಾಮಾಣಿಕವಾದ ಪ್ರಶ್ನೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಮೀಸಲು ಅರಣ್ಯದೊಳಗೆ ಅಪ್ಪಣೆಯಿಲ್ಲದೆ ಕಾಲಿಡುವುದೇ ಅಪರಾಧ. ಆಡು ನುಗ್ಗಿದರೂ ಅಪರಾಧ. ಆ ಹಿರಿಯರು ದೂರದಲ್ಲೇ ನಿಂತದ್ದಕ್ಕೆ ಕಾರಣ ನಮ್ಮ ಕುರಿತ ಸಂಶಯವೊಂದೇ ಆಗಿರಲಾರದು. ಶರಟು ಪ್ಯಾಂಟು ತೊಟ್ಟ ಅಪರಿಚಿತರು ಕಾಡಿನಲ್ಲಿ ಬಗ್ಗಿ ಏನನ್ನೋ ಬರೆದುಕೊಳ್ಳುತ್ತಿದ್ದರೆ ಆಡಿನವರಿಗೆ ದಂಡದ ನೆನಪಾಗುತ್ತದೆ. ಅವರು ದಿನವೂ ತಲೆತಗ್ಗಿಸಿ ದಾಟುವ ಗೆರೆಯನ್ನು ನಾವು ಆಟಕ್ಕೆಂದು ದಾಟಿದ್ದೆವು.

ಇನ್ನು ಬೀದರ್ ನಗರದ ಮಗ್ಗುಲಲ್ಲೇ ವಾಯುಪಡೆಯ ನೆಲೆ ಇದೆ. ಪೈಲಟ್ಟುಗಳ ತರಬೇತಿ, ಸೂರ್ಯಕಿರಣ ತಂಡದ ಹಾರಾಟ ಅಲ್ಲಿಯ ಮಕ್ಕಳಿಗೆ ನಿತ್ಯದ ನೋಟ. ಅಂಥ ಊರಿನ ಹೊರವಲಯದಲ್ಲಿ ಮುಚ್ಚಳ ಬಿಗಿದ ಡಬ್ಬಿ ಸಿಕ್ಕರೆ ಪೊಲೀಸರು ಅದನ್ನು ಆಟಿಕೆಯೆಂದು ತಿಳಿಯುತ್ತಾರೆಯೇ? ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ 2011ರಲ್ಲಿ ಇಂಥದೇ ಡಬ್ಬಿಯೊಂದನ್ನು ಬಾಂಬೆಂದು ಶಂಕಿಸಿ, ಬೀದಿಯನ್ನು ತೆರವುಗೊಳಿಸಿ, ಸೇನೆಯವರು ಸಿಡಿಸಿ ಹಾಕಿದರು. ಅಲ್ಲಿ ಅದು ನಗೆಯ ಸುದ್ದಿಯಾಗಿ ಮುಗಿಯಿತು. ಇಲ್ಲಿ ಅದನ್ನಿಟ್ಟ ವಿದ್ಯಾರ್ಥಿಯ ಹೆಸರು ಯಾವುದು, ಅವನ ಮೊಹಲ್ಲಾ ಯಾವುದು ಎಂಬುದರ ಮೇಲೆ ಮುಂದಿನ ಕಥೆ ನಿಂತಿರುತ್ತದೆ. ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಪತ್ರಕ್ಕೆ ಸಹಿ ಹಾಕಿದವರಲ್ಲಿ ಎಲ್ಲ ಮನೆಯ ಮಕ್ಕಳೂ ಇದ್ದಾರೆ.

ನನಗೆ ಇವೆಲ್ಲಕ್ಕಿಂತ ಮುಖ್ಯವಾದ ಆಕ್ಷೇಪ ಬೇರೆ. ಬೀದರ್ ಜಿಲ್ಲೆಯ ಹುಲ್ಲುಗಾವಲು, ಕುರುಚಲು ಮತ್ತು ಹೊಲಗಳ ಅಂಚಿನಲ್ಲಿ ಕೃಷ್ಣಮೃಗಗಳಿವೆ. ಕೃಷ್ಣಮೃಗದ ತಾಯಿ ಈದ ಮರಿಯನ್ನು ಮೊದಲ ಕೆಲವು ವಾರ ಹುಲ್ಲಿನಲ್ಲಿ ಮಲಗಿಸಿ ತಾನು ದೂರ ಮೇಯುತ್ತದೆ. ಹಾಲೂಡಲು ಮಾತ್ರ ಬರುತ್ತದೆ. ಮರಿ ಅಲುಗಾಡದೆ ಬಿದ್ದಿರುವುದೇ ಅದರ ರಕ್ಷಣೆ. ಮಳೆಗಾಲದಲ್ಲಿ ಹೆಣ್ಣು ನವಿಲು ಪೊದೆಯ ಬುಡದ ನೆಲದಲ್ಲೇ ಮೊಟ್ಟೆ ಇಡುತ್ತದೆ. ಗೌಜು, ಟಿಟ್ಟಿಭ, ನೆಲಗುಬ್ಬಿ ಎಲ್ಲವೂ ನೆಲವನ್ನೇ ನಂಬಿದವು. ಮಲೆನಾಡಿನ ಕಾಡಿನಲ್ಲಿ ಜೀವಗಳು ಮೇಲಕ್ಕೆ ಹೋಗಿ ಮರೆಯಾಗುತ್ತವೆ. ಬೀದರಿನ ಕಾಡಿನಲ್ಲಿ ಮರೆಯೆಂದರೆ ಪೊದೆಯ ಬುಡ ಮತ್ತು ಹುಲ್ಲಿನ ತಳ, ಇವೆರಡೇ. ಜಿಯೋಕ್ಯಾಶಿಂಗಿನವರು ಕೈಯಾಡಿಸುವುದೂ ಈ ಎರಡೇ ಜಾಗಗಳಲ್ಲಿ. ತೆರೆದ ಬಯಲಿನಲ್ಲೂ ಮೊಬೈಲು ಕೆಲವು ಮೀಟರ್ ತಪ್ಪು ಹೇಳುತ್ತದೆ. ಐದು ಮೀಟರಿನ ತಪ್ಪೆಂದರೆ ಸುಮಾರು ಎಂಬತ್ತು ಚದರ ಮೀಟರ್ ನೆಲ. ಅಷ್ಟನ್ನೂ ಕಾಲಿನಿಂದ, ಕೋಲಿನಿಂದ ಕೆದಕಿದ ಮೇಲೆಯೇ ಡಬ್ಬಿ ಸಿಗುವುದು. ಹೊನ್ನಿಕೇರಿಯ ಆ ಪೊದೆಯ ಸುತ್ತ ನಾವು ಆರು ಮಂದಿ ಕಾಲು ಗಂಟೆ ತುಳಿದಿದ್ದೆವು. ನಮಗಿಂತ ಮೊದಲು ವಿದ್ಯಾರ್ಥಿಗಳು ನಾಲ್ಕೈದು ಬಾರಿ ಬಂದಿದ್ದರಂತೆ. ಬಂಡಿದಾರಿಯಿಂದ ಪೊದೆಯವರೆಗೆ ಆಗಲೇ ಸಣ್ಣದೊಂದು ಕಾಲುದಾರಿ ಬಿದ್ದಿತ್ತು, ಹುಲ್ಲು ಮಲಗಿಹೋಗಿತ್ತು. ಒಂದು ಡಬ್ಬಿ, ಒಂದು ತಿಂಗಳು.

ಸಭೆಯಲ್ಲಿ ಗೆಳೆಯರೊಬ್ಬರು ಕೇಳಿದರು: ‘ನಾವು ಚಾರಣ ಮಾಡುವುದಿಲ್ಲವೇ? ದಾರಿ ಬೀಳುವುದಿಲ್ಲವೇ?’ ಬೀಳುತ್ತದೆ. ಅದರ ಫಲವನ್ನೂ ನಾವು ಕಂಡಿದ್ದೇವೆ. 2024ರ ಜನವರಿಯ ಕೊನೆಯ ರಜೆಯಲ್ಲಿ ಕುಮಾರ ಪರ್ವತದ ಬುಡದಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರ ಎಲ್ಲರ ಮೊಬೈಲಿನಲ್ಲೂ ಬಂತು. ಇಲಾಖೆ ಚಾರಣವನ್ನೇ ನಿಲ್ಲಿಸಿ, ಆಮೇಲೆ ಮುಂಗಡ ಕಾಯ್ದಿರಿಸುವ ಪದ್ಧತಿ ತಂದಿತು. ಅಲ್ಲಿಗೆ ಅಷ್ಟು ಜನರನ್ನು ತಂದದ್ದು ನಕ್ಷೆಯ ಮೇಲಿನ ಗುರುತು, ಅದನ್ನು ಹಂಚಿಕೊಂಡ ಬೆರಳು. ಊರವನೊಬ್ಬ ದಾರಿ ತೋರಿಸಿದರೆ ಅವನು ಜೊತೆಯಲ್ಲಿರುತ್ತಾನೆ, ಇಲ್ಲಿ ತುಳಿಯಬೇಡ ಎನ್ನುತ್ತಾನೆ. ಅಂತರ್ಜಾಲಕ್ಕೆ ಹಾಕಿದ ಅಂಕಿ ಯಾರನ್ನೂ ತಡೆಯುವುದಿಲ್ಲ. ಡೇವಿಡ್ ಲಿಂಡನ್‌ಮೇಯರ್ ಮತ್ತು ಬೆನ್ ಶೀಲ್ ಎಂಬ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದೇ ಎಚ್ಚರಿಕೆಯನ್ನು ತಮ್ಮ ಸಹೋದ್ಯೋಗಿಗಳಿಗೆ ಕೊಟ್ಟಿದ್ದರು: ಅಪರೂಪದ ಜೀವಿಗಳ ನೆಲೆಯ ನಿಖರ ಅಂಕಿಗಳನ್ನು ಪ್ರಬಂಧಗಳಲ್ಲಿ ಅಚ್ಚು ಹಾಕಬೇಡಿ, ಕಳ್ಳರು ಅದನ್ನೇ ಓದಿ ಅಲ್ಲಿಗೆ ತಲಪುತ್ತಿದ್ದಾರೆ ಎಂದು. ವಿಜ್ಞಾನದ ಪ್ರಬಂಧಕ್ಕೇ ಈ ಎಚ್ಚರ ಬೇಕಾದರೆ ರವಿವಾರದ ಆಟಕ್ಕೆ ಬೇಡವೇ? ನಮ್ಮ ದೇವರಕಾಡಿನ ಸೀತಾಳೆ ದಂಡೆಯ ಜಾಗವನ್ನೂ, ಕಾಡಿನ ಜೇನುಮರದ ಜಾಗವನ್ನೂ ನಾವು ಹೇಳುವುದು ಕೇಳುವವನ ಮುಖ ನೋಡಿ.

ಇಷ್ಟಾದ ಮೇಲೂ ಆ ವಿದ್ಯಾರ್ಥಿಗಳನ್ನು ನಿರಾಸೆಗೊಳಿಸುವುದು ನನ್ನ ಉದ್ದೇಶವಲ್ಲ. ಅವರು ಮಲಗಿರಬೇಕಾದ ಹೊತ್ತಿನಲ್ಲಿ ಎದ್ದು ಕಾಡಿಗೆ ಹೋಗುತ್ತಿದ್ದಾರೆ. ಅಂಥವರು ನಮ್ಮ ಬಳಗದಲ್ಲೇ ಎಷ್ಟು ಮಂದಿ ಉಳಿದಿದ್ದೇವೆ? ಆದರೆ ಬಚ್ಚಿಟ್ಟದ್ದನ್ನು ಹುಡುಕುವ ಆಸೆ ಇರುವವರು ಬೀದರಿನಲ್ಲಿ ಹೊಸದಾಗಿ ಏನನ್ನಾದರೂ ಬಚ್ಚಿಡುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಅವರ ಕಾಲ ಕೆಳಗೇ ಹದಿನೈದನೆಯ ಶತಮಾನದಿಂದ ಬಚ್ಚಿಟ್ಟ ನೀರಿದೆ.

ನೌಬಾದಿನ ಕರೇಜಿನ ವಿಷಯ ಹೇಳುತ್ತಿದ್ದೇನೆ. ಊರವರು ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಬಹಮನಿಗಳು ಕಲಬುರಗಿಯಿಂದ ಬೀದರಿಗೆ ರಾಜಧಾನಿಯನ್ನು ತಂದಾಗ ಪರ್ಶಿಯಾದ ಈ ವಿದ್ಯೆಯೂ ಜೊತೆಗೆ ಬಂತು. ಬೀದರಿನ ದಿಣ್ಣೆಯ ಮೇಲ್ಪದರ ನಮ್ಮ ಕರಾವಳಿ ಮಲೆನಾಡುಗಳಲ್ಲಿರುವಂಥದೇ ಜಂಬಿಟ್ಟಿಗೆ. ಅದರ ಕೆಳಗೆ ಗಟ್ಟಿಯಾದ ಕಪ್ಪು ಕಲ್ಲು. ಮಳೆನೀರು ಜಂಬಿಟ್ಟಿಗೆಯಲ್ಲಿ ಇಳಿದು ಕರಿಗಲ್ಲಿನ ಮೇಲೆ ನಿಲ್ಲುತ್ತದೆ. ಆ ಸಂಧಿಯಲ್ಲಿ ಹೌದೋ ಅಲ್ಲವೋ ಎನ್ನುವಷ್ಟು ಇಳಿಜಾರಿನ ಸುರಂಗ ಕೊರೆದು, ನೀರು ತಾನಾಗಿಯೇ ಹರಿದು ಊರಿಗೆ ಬರುವಂತೆ ಮಾಡಿದ್ದರು. ರಾಟೆ ಬೇಡ, ಎತ್ತು ಬೇಡ. ಸುರಂಗಕ್ಕೆ ಗಾಳಿಯಾಡಲು, ಮಣ್ಣು ಮೇಲೆತ್ತಲು ಅಲ್ಲಲ್ಲಿ ನೇರ ಬಾವಿಗಳನ್ನು ಇಳಿಸಿದ್ದರು. ಕಾಸರಗೋಡು, ದಕ್ಷಿಣ ಕನ್ನಡಗಳ ಗುಡ್ಡದ ಸುರಂಗಗಳನ್ನು ಕಂಡವರಿಗೆ ಇದು ಅದರ ದೊಡ್ಡಣ್ಣನೆಂದು ತಕ್ಷಣ ತಿಳಿಯುತ್ತದೆ.

ಎರಡು ಕಿಲೋಮೀಟರಿಗೂ ಮೀರಿದ ಈ ಸುರಂಗದ ಜಾಡನ್ನು ಹೊಸದಾಗಿ ಬೆಳಕಿಗೆ ತಂದವರು ಕೇರಳದ ಭೂಗೋಳ ಪ್ರಾಧ್ಯಾಪಕ ವಳ್ಳಿಯಿಲ್ ಗೋವಿಂದನ್‌ಕುಟ್ಟಿ ಮತ್ತು ಅವರ ಜೊತೆ ನಿಂತ ಬೀದರಿನ ಯುವಕರು. ಇಪ್ಪತ್ತೊಂದು ಬಾವಿಗಳ ಸಾಲನ್ನು ಗುರುತಿಸಿದರು. ಅವುಗಳಲ್ಲಿ ಕೆಲವು ಮುಚ್ಚಿಹೋಗಿವೆ. 2014ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಬೀದರ್ ನಗರವನ್ನು ಗಮನ ಬೇಡುವ ತಾಣಗಳ ಪಟ್ಟಿಗೆ ಸೇರಿಸಿದ ಮೇಲೆ ಹೂಳೆತ್ತುವ ಕೆಲಸವೂ ನಡೆಯಿತು. ಬಾವಿಗಳ ಸಾಲಿನ ನಡುವೆ ರಸ್ತೆ ಬಂದಿದೆ, ನಿವೇಶನಗಳು ಬಂದಿವೆ. ಒಂದು ಬಾವಿಗೆ ಕಸ ಸುರಿದರೆ ಅದು ಒಂದು ಬಾವಿಯ ಕಥೆಯಲ್ಲ, ಕೆಳಗಿನ ಸುರಂಗ ಕಟ್ಟಿಕೊಳ್ಳುತ್ತದೆ. ಮೇಲಿನ ನೀರು ಮುಂದೆ ಹೋಗುವುದಿಲ್ಲ. ಈಗ ಯೋಚಿಸಿ. ಹನ್ನೆರಡು ಡಬ್ಬಿಗಳ ಬದಲು ಇಪ್ಪತ್ತೊಂದು ಬಾವಿಗಳು. ಮೊಬೈಲಿನಲ್ಲಿ ಅದೇ ಅಂಕಿ, ಅದೇ ‘ಇನ್ನು ಹದಿನಾಲ್ಕು ಮೀಟರ್’. ತಲಪಿದಾಗ ಕಾಣುವುದು ಬಾವಿಯ ಬಾಯಿಯೋ, ಕಸದ ಗುಡ್ಡೆಯೋ, ಯಾರದೋ ಮನೆಯ ಪಾಯವೋ ಬರೆದುಕೊಳ್ಳಬೇಕು. ವರ್ಷಕ್ಕೆ ಎರಡು ಬಾರಿ, ಮಳೆಯ ಮೊದಲು ಮತ್ತು ಮಳೆಯ ನಂತರ, ಇಪ್ಪತ್ತೊಂದು ಸಾಲಿನ ಒಂದು ಪುಸ್ತಕ ತುಂಬಿದರೆ ಅದು ಯಾವ ಇಲಾಖೆಯ ಕಡತಕ್ಕಿಂತಲೂ ಬಲವಾದ ಸಾಕ್ಷಿ.

ಇದು ನನ್ನ ಕಲ್ಪನೆಯ ಆಟವೂ ಅಲ್ಲ. ಅಮೆರಿಕದ ಭೂವಿಜ್ಞಾನ ಸಂಘದ ಜೊತೆಗೂಡಿ 2004ರಲ್ಲಿ ‘ಅರ್ತ್‌ಕ್ಯಾಶ್’ ಎಂಬ ಬಗೆ ಹುಟ್ಟಿತು. ಅದರಲ್ಲಿ ಡಬ್ಬಿಯೇ ಇಲ್ಲ, ಕಲ್ಲಿನ ಪದರವನ್ನೋ ಬುಗ್ಗೆಯನ್ನೋ ಕಂಡು ಪ್ರಶ್ನೆಗೆ ಉತ್ತರ ಕೊಡುವುದೇ ಆಟ. ಆ ದೇಶದ ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿಯಿಲ್ಲದೆ ಡಬ್ಬಿ ಇಡುವಂತಿಲ್ಲ. ಆಟ ಹುಟ್ಟಿದ ನೆಲದಲ್ಲೇ ಇಷ್ಟು ಎಚ್ಚರ ಬಂದಿರುವಾಗ ನಾವು ಅವರ ಮೊದಲ ದಿನದ ಬಕೆಟ್ಟನ್ನು ಏಕೆ ಎರವಲು ತರಬೇಕು?

ಬೀದರಿಗೆ ಅಕ್ಷಾಂಶ ರೇಖಾಂಶದ ನಂಟು ಹೊಸದೂ ಅಲ್ಲ. ಉಪಖಂಡವನ್ನು ತೆಂಕಣ ತುದಿಯಿಂದ ಹಿಮಾಲಯದವರೆಗೆ ಅಳೆದ ಮಹಾರೇಖೆ ಈ ಮಗ್ಗುಲಲ್ಲೇ ಹಾದುಹೋಗಿದೆ. 1802ರಲ್ಲಿ ಮದ್ರಾಸಿನಲ್ಲಿ ಸರಪಳಿ ಎಳೆಯಲಾರಂಭಿಸಿದ ವಿಲಿಯಂ ಲ್ಯಾಂಬ್ಟನ್ 1815ರಲ್ಲಿ ಬೀದರ್ ಸೀಮೆಯ ದಾಮರಗಿದ್ದ ಎಂಬಲ್ಲಿ ಬುನಾದಿ ರೇಖೆಯೊಂದನ್ನು ಅಳೆದ. ಅದನ್ನೇ 1841ರಲ್ಲಿ ಆಂಡ್ರ್ಯೂ ವಾ ಇನ್ನೂ ಉತ್ತಮವಾದ ಸಲಕರಣೆಯಿಂದ ಮತ್ತೆ ಅಳೆದ. ಇಬ್ಬರ ನಡುವಿನ ಜಾರ್ಜ್ ಎವರೆಸ್ಟ್ ಕೃಷ್ಣಾ ಗೋದಾವರಿಗಳ ನಡುವಣ ಕಾಡಿನಲ್ಲಿ ಜ್ವರ ಹಿಡಿದು ಮಲಗಿದವನು. ಬೆಟ್ಟದಿಂದ ಬೆಟ್ಟಕ್ಕೆ ದೃಷ್ಟಿ ಹಾಯಲೆಂದು ಅವರು ಕಡಿಸಿದ ಮರಗಳ ಲೆಕ್ಕ ಯಾವ ವರದಿಯಲ್ಲೂ ನನಗೆ ಕಂಡಿಲ್ಲ. ಅಳೆದವರು ಅವರು, ನಕ್ಷೆ ಅವರದು, ಕಂದಾಯ ಕಟ್ಟಿದವರು ನಾವು.

ಆಮೇಲೆಯೂ ಅಳತೆಯ ಅಂಕಿಗಳು ಹಳ್ಳಿಗೆ ಬಂದದ್ದು ಕಡಿಮೆ. ನಮ್ಮ ಘಟ್ಟದ ಊರುಗಳನ್ನೇ ನೋಡಿ. 2013ರ ಕಸ್ತೂರಿರಂಗನ್ ವರದಿ ಉಪಗ್ರಹದ ಚಿತ್ರ ನೋಡಿ ಊರುಗಳ ಪಟ್ಟಿ ಮಾಡಿತು. 2024ರ ಜುಲೈನಲ್ಲಿ ಹೊರಟ ಆರನೆಯ ಕರಡು ಅಧಿಸೂಚನೆಯಲ್ಲೂ ಕರ್ನಾಟಕದ 20,668 ಚದರ ಕಿಲೋಮೀಟರ್ ಇದೆ. ವರದಿಯ ಪರ ವಿರೋಧ ಇಲ್ಲಿ ನನ್ನ ವಿಷಯವಲ್ಲ; ಘಟ್ಟಕ್ಕೆ ರಕ್ಷಣೆ ಬೇಕೆಂಬವನೇ ನಾನು. ಆದರೆ ನಮ್ಮ ಅಡಿಕೆ ತೋಟವನ್ನೂ ಬೆಟ್ಟವನ್ನೂ ಆಕಾಶದಿಂದ ಒಂದೇ ಹಸಿರೆಂದು ಕಂಡವರ ಮುಂದೆ ‘ಇದು ಇಲ್ಲಿಂದ ಇಲ್ಲಿಯವರೆಗೆ’ ಎಂದು ಅಂಕಿ ಹಿಡಿದು ಹೇಳಬಲ್ಲ ಎಷ್ಟು ಗ್ರಾಮಸಭೆಗಳಿದ್ದವು? ಅರಣ್ಯ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ನಿಯಮಗಳು ಉಪಗ್ರಹ ಚಿತ್ರ ಉಳಿದ ಸಾಕ್ಷ್ಯಗಳಿಗೆ ಪೂರಕವೇ ಹೊರತು ಬದಲಿಯಲ್ಲ ಎಂದು ಸ್ಪಷ್ಟವಾಗಿ ಹೇಳಿವೆ. ಆ ನಿಯಮದ ಪ್ರಯೋಜನ ಪಡೆಯಬೇಕಾದರೂ ಕೆರೆ, ಗೋರಿ, ಹಳೆಯ ಬೇಲಿ, ದೇವರ ಕಲ್ಲು ಎಲ್ಲಿವೆಯೆಂದು ಊರವರೇ ಗುರುತು ಮಾಡಿಟ್ಟಿರಬೇಕು.

ಔರಾದಿನ ಹುಡುಗರಿಗೆ ಇದೇ ಕೆಲಸ ಗಾಯರಾಣದಲ್ಲಿ ಕಾದಿದೆ. ನಾವು ಗೋಮಾಳ ಎನ್ನುವುದನ್ನು ಆ ಸೀಮೆಯಲ್ಲಿ ಗಾಯರಾಣ ಎನ್ನುತ್ತಾರೆ. ಕೃಷ್ಣಮೃಗ ಮೇಯುವುದೂ ಅಲ್ಲೇ, ದೇವಣಿ ತಳಿಯ ದನಗಳು ಮೇಯುವುದೂ ಅಲ್ಲೇ. ಸರ್ಕಾರಿ ಭಾಷೆಯಲ್ಲಿ ಹುಲ್ಲುಗಾವಲು ಬಹುತೇಕ ‘ಪಾಳುಭೂಮಿ’; ಪಾಳೆಂದು ಕರೆದ ಮೇಲೆ ಯಾರಿಗಾದರೂ ಕೊಡುವುದು ಸುಲಭ. ಹಳ್ಳಿಯ ಸಾಮೂಹಿಕ ಭೂಮಿಯ ಒತ್ತುವರಿ ತೆರವುಗೊಳಿಸಿ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಒತ್ತುವರಿ ಎಲ್ಲಿಂದ ಆರಂಭವಾಗುತ್ತದೆಂದು ತೋರಿಸುವವರು ಬೇಕು. ನಮ್ಮ ರಾಜ್ಯದ ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರನ್ನು ಆ ಕ್ಷಣವೇ ತೋರಿಸುತ್ತದೆ. ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿದರೆ ಅದು ಗಾಯರಾಣವೋ ಖಾಸಗಿಯೋ ತಿಳಿಯುತ್ತದೆ. ಗಡಿಕಲ್ಲು ಇದೆಯೋ ಇಲ್ಲವೋ ಎಂಬುದನ್ನು ಆ್ಯಪ್ ಹೇಳುವುದಿಲ್ಲ. ಅದಕ್ಕೆ ನಡೆದೇ ಹೋಗಬೇಕು, ಆಡಿನವರನ್ನು ಕೇಳಬೇಕು. ಒಂದು ಎಚ್ಚರಿಕೆ: ಮೊಬೈಲಿನ ಕೆಲವು ಮೀಟರ್ ತಪ್ಪನ್ನು ಮರೆತು ಬಡ ರೈತನ ಬದುವಿನ ಮೇಲೆ ಬೆರಳು ತೋರಿಸಬಾರದು. ಅಂಥ ಕಡೆ ಸರ್ವೇಯರ್ ಅಳತೆಯೇ ಆಗಬೇಕು.

ಭಾಲ್ಕಿಯ ಮಾತು ಬೇರೆ. ಆ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ಅಣೆಕಟ್ಟು ಇದೆ. ನೆಲ ಕಳೆದುಕೊಂಡವರು ನ್ಯಾಯವಾದ ಪರಿಹಾರಕ್ಕಾಗಿ ವರ್ಷಗಟ್ಟಲೆ ಧರಣಿ ಕೂತಿದ್ದಾರೆ. ಯಾವ ಜಲಾಶಯದಲ್ಲಾದರೂ ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಬದು, ಬಾವಿಯ ಕಟ್ಟೆ ತಲೆಯೆತ್ತುತ್ತವೆ. ಆ ಊರುಗಳ ಹಿರಿಯರನ್ನು ಕರೆದುಕೊಂಡು ಹಿನ್ನೀರಿನ ಅಂಚಿನಲ್ಲಿ ಒಂದು ಬೆಳಿಗ್ಗೆ ನಡೆದರೆ ಯಾರ ಹೊಲ ಎಲ್ಲಿತ್ತು, ಮಾವಿನ ತೋಪು ಎಲ್ಲಿತ್ತು, ಹುಣಿಸೆಮರದ ಕಟ್ಟೆ ಎಲ್ಲಿತ್ತು ಎಂದು ಅವರು ತೋರಿಸಿಯಾರು. ಅವರಿಗೂ ವಯಸ್ಸಾಗುತ್ತಿದೆ, ಇದು ಬೇಗ ಆಗಬೇಕಾದ ಕೆಲಸ. 2023ರಲ್ಲಿ ರಾಜ್ಯದ ಅರಣ್ಯ ಮತ್ತು ಪರಿಸರ ಖಾತೆ ವಹಿಸಿಕೊಂಡ ಈಶ್ವರ ಖಂಡ್ರೆಯವರು ಭಾಲ್ಕಿ ಕ್ಷೇತ್ರದವರೇ. ಬೀದರಿನ ಹುಲ್ಲುಗಾವಲಿನ ಕುರಿತು, ಕರೇಜಿನ ಮೇಲಿನ ಕಟ್ಟಡಗಳ ಕುರಿತು ಹುಡುಗರು ಅಂಕಿಸಹಿತ ಮನವಿ ಬರೆದರೆ ಅದನ್ನು ಒಯ್ಯಬೇಕಾದ ಮನೆಯ ದಾರಿ ಹುಡುಕಲು ಉಪಗ್ರಹ ಬೇಕಾಗಿಲ್ಲ!

ಸಭೆಯಲ್ಲಿ ಇನ್ನೊಂದು ಆಕ್ಷೇಪವೂ ಬಂದಿತ್ತು: ‘ನೀವು ಆಟವನ್ನು ಕೆಲಸ ಮಾಡುತ್ತಿದ್ದೀರಿ, ಮಕ್ಕಳು ಓಡಿಹೋಗುತ್ತಾರೆ.’ ಇರಬಹುದು. ಹೋಗುವವರು ಹೋಗಲಿ. ಹೊನ್ನಿಕೇರಿಯಿಂದ ಹಿಂದಿರುಗಿದ ಮಧ್ಯಾಹ್ನವೇ ಆ ಐವರಲ್ಲಿ ಇಬ್ಬರನ್ನು ಕರೆದುಕೊಂಡು ನೌಬಾದಿಗೆ ಹೋಗಿದ್ದೆ. ಎರಡು ಬಾವಿಗಳ ಬಾಯಿಯನ್ನು ಕಂಡು, ಅವುಗಳ ನೇರಕ್ಕೆ ಮೂರನೆಯದು ಎಲ್ಲಿರಬೇಕೆಂದು ಆ ಹುಡುಗಿ ಮೊಬೈಲಿನಲ್ಲಿ ಗೆರೆ ಎಳೆದಳು. ಗೆರೆ ಹೋಗಿ ನಿಂತದ್ದು ಮುಳ್ಳುಕಂಟಿಯ ನಡುವೆ. ಸುತ್ತು ಹಾಕಿ ನೋಡಿದಾಗ ಅಲ್ಲಿ ನೆಲ ತಟ್ಟೆಯಂತೆ ಕುಸಿದಿತ್ತು. ಮೇಲೆ ಇಟ್ಟಿಗೆ ಚೂರು, ಹಳೆಯ ಚಪ್ಪಲಿ, ಪ್ಲಾಸ್ಟಿಕ್ಕು. ಅದು ಬಾವಿಯೇ ಹೌದೋ ಅಲ್ಲವೋ ಎಂದು ನಾನು ಹೇಳಲಾರೆ. ಅವಳು ಮಾತ್ರ ಕತ್ತಲಾಗುವವರೆಗೂ ಅಲ್ಲಿಂದ ಏಳಲಿಲ್ಲ. ಆ ಹೊತ್ತಿಗೆ ಹತ್ತಿರದ ಮನೆಯ ಅಜ್ಜಿಯೊಬ್ಬರು ಬಂದು ತಮ್ಮ ಬಾಲ್ಯದಲ್ಲಿ ಅಲ್ಲಿ ಕಲ್ಲೆಸೆದರೆ ‘ಬುಳುಕ್’ ಎನ್ನುತ್ತಿತ್ತೆಂದು ಹೇಳಿದ್ದನ್ನು ಅವಳು ಬರೆದುಕೊಂಡಳು.

ಮುಂದಿನ ಸಭೆಗೆ ನನ್ನ ಸಲಹೆ ಹೀಗಿದೆ. ಡಬ್ಬಿಗಳಿಗೆ ನಮ್ಮ ಹೆಸರು ಬೇಡವೆಂದು ಆ ವಿದ್ಯಾರ್ಥಿಗಳಿಗೆ ನೇರವಾಗಿ ಬರೆಯೋಣ, ಕಾರಣವನ್ನೂ ಬರೆಯೋಣ. ಹೊನ್ನಿಕೇರಿಯ ಡಬ್ಬಿಯನ್ನು ಅವರು ಆ ದಿನವೇ ತೆಗೆದಿದ್ದಾರೆ. ಉಳಿದ ಹನ್ನೊಂದನ್ನು ಇನ್ನೂ ಇಟ್ಟಿಲ್ಲ. ಬದಲಿಗೆ ನೌಬಾದಿನ ಬಾವಿಗಳ ಪುಸ್ತಕಕ್ಕೆ, ಒಂದೆರಡು ಅಳತೆಪಟ್ಟಿಗೆ, ಭಾಲ್ಕಿ ಮತ್ತು ಔರಾದಿನಿಂದ ಬರುವವರ ಬಸ್ ಖರ್ಚಿಗೆ ನಮ್ಮ ನಿಧಿಯಿಂದ ಹಣ ಕೊಡೋಣ. ಅವರಲ್ಲಿ ಇಬ್ಬರನ್ನು ಮಳೆಗಾಲದ ನಂತರ ಘಟ್ಟಕ್ಕೆ ಕರೆಸಿ ನಮ್ಮ ಹುಡುಗರಿಗೆ ಬೆಟ್ಟದ ಗಡಿ ಗುರುತಿಸುವುದನ್ನು ಹೇಳಿಕೊಡಲು ಕೇಳೋಣ. ದಟ್ಟ ಮರದ ಅಡಿಯಲ್ಲಿ ಮೊಬೈಲಿನ ತಪ್ಪು ಹೆಚ್ಚುತ್ತದೆ, ಅದನ್ನು ಸರಿದೂಗಿಸುವ ಬಗೆ ಅವರೂ ಇಲ್ಲಿ ಕಲಿಯಲಿ. ನಡಿಗೆಗೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಪಡೆಯಲು, ಆಡಿನವರಿಗೆ ಮುಂಚೆಯೇ ತಿಳಿಸಲು, ಮೇ ತಿಂಗಳಿಂದ ಮಳೆ ಮುಗಿಯುವವರೆಗೆ ಹುಲ್ಲಿನೊಳಗೆ ಇಳಿಯದಿರಲು ಪತ್ರದಲ್ಲಿ ಕೇಳಿಕೊಳ್ಳೋಣ. ಮತ್ತೊಂದನ್ನು ಕೆಂಪು ಶಾಯಿಯಲ್ಲೇ ಬರೆಯಬೇಕು: ಕರೇಜಿನ ಬಾವಿಗಳ ಬಾಯಿಯವರೆಗೆ ಮಾತ್ರ, ಒಳಗೆ ಯಾರೂ ಇಳಿಯಕೂಡದು. ಗಾಳಿಯಿಲ್ಲದ ಹಳೆಯ ಬಾವಿಯಲ್ಲಿ ಜೀವ ಹೋಗಲು ಕೆಲವೇ ನಿಮಿಷ ಸಾಕು.